ಪುರಸಭೆಯೂ ಪ್ರೇಕ್ಷಾಂಶವೂ

ಕಲಾಪೋಷಣೆಯ ಪ್ರಸಂಗ ಬಂದಾಗಲೆಲ್ಲ ನಮ್ಮ ವಿದ್ವಾಂಸರು ರಾಜಾಶ್ರಯವನ್ನು ನೆನೆಯುವುದು ವಾಡಿಕೆಯಾಗಿದೆ. ಭೋಜರಾಜನ ಹೆಸರು, ಕೃಷ್ಣದೇವರಾಯನ ಹೆಸರು, ಮೈಸೂರು ಒಡೆಯರ ಹೆಸರು ಒಂದಾದಮೇಲೊಂದು ಬರುತ್ತವೆ; ಅಂಥ ಕಾಲ ಹೋಯಿತೆಂಬ ನಿಟ್ಟುಸಿರಿನೊಡನೆ ಮಾತು ಮುಗಿಯುತ್ತದೆ. ಅರಸುತನ ಹೋಗಿ ಪ್ರಜೆಗಳೇ ಪ್ರಭುಗಳಾದ ಮೇಲೆ ಕಲಾವಿದನ ಯೋಗಕ್ಷೇಮದ ಹೊಣೆ ಯಾರದು, ಹೊಣೆ ಹೊತ್ತವರು ಯಾವ ನಿಯಮಕ್ಕೆ ಒಳಪಟ್ಟು ಕೊಡತಕ್ಕದ್ದು ಎಂಬುದನ್ನು ನಮ್ಮ ಪ್ರಾಚೀನ ಗ್ರಂಥಗಳ ಬೆಳಕಿನಲ್ಲಿ ಪರಾಮರ್ಶಿಸಿದವರು ವಿರಳ. ಪ್ರಕೃತ ಲೇಖನದಲ್ಲಿ ಆ ಕೆಲಸವನ್ನು ಅಲ್ಪಮಟ್ಟಿಗೆ ಮಾಡಲು ಯತ್ನಿಸಿದೆ. ಊರಿನ ತೆರಿಗೆಯ ಹಣದಿಂದ ಊರಿನ ಕಲಾವಿದರಿಗೂ ಕಲಾಸಂಘಗಳಿಗೂ ಕೊಡುವ ಸಹಾಯದ್ರವ್ಯವು ಇಲ್ಲಿನ ವಿಷಯ. ನಿದರ್ಶನಕ್ಕೆ ಕೋಲಾರದ ಚಿನ್ನದ ಗಣಿಯ ಪಟ್ಟಣವನ್ನೂ ಅದರ ನೆರೆಯ ಬಂಗಾರಪೇಟೆಯನ್ನೂ ತೆಗೆದುಕೊಂಡಿದೆ. ಈ ಎರಡು ಊರುಗಳೂ ಯಾವ ಅರಸನ ರಾಜಧಾನಿಯೂ ಆಗಿರಲಿಲ್ಲ; ಒಂದನ್ನು ರೈಲು ಬೆಳೆಸಿತು, ಇನ್ನೊಂದನ್ನು ಗಣಿ ಬೆಳೆಸಿತು. ಆದುದರಿಂದ ರಾಜಾಶ್ರಯದ ನೆನಪಿನ ಮಬ್ಬಿಲ್ಲದೆ ಪ್ರಶ್ನೆಯನ್ನು ನೋಡಲು ಇಲ್ಲಿ ಅನುಕೂಲವುಂಟು.

೧

ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆಯೆಂದು ಹೆಸರು. ೧೮೬೨ರಿಂದ ೧೮೭೦ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗರಿಂದ ಆ ಹೆಸರು ಬಂದಿತು. ಅಲ್ಲಿಂದ ಮಾರಿಕುಪ್ಪಕ್ಕೆ ರೈಲಿನ ಕವಲುದಾರಿಯು ೧೮೯೪ರಲ್ಲಿ ಆಯಿತು. ಗಣಿಯಲ್ಲಿ ಜಾನ್ ಟೇಲರ್ ಕಂಪೆನಿಯವರ ಉದ್ಯಮವು ೧೮೮೦ರಲ್ಲಿ ಆರಂಭವಾಯಿತು; ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬಂದಿತು; ಬೇತಮಂಗಲದ ಕೆರೆಯ ನೀರು ಕೊಳಾಯಿಗಳಲ್ಲಿ ಹರಿಯಿತು. ಗಣಿಯ ಕೆಲಸಕ್ಕಾಗಿ ಆರ್ಕಾಟು, ಚಿತ್ತೂರು ಸೀಮೆಗಳಿಂದ ತಮಿಳರೂ ತೆಲುಗರೂ ಬಂದು ನೆಲಸಿದರು. ಸುತ್ತಣ ಹಳ್ಳಿಗಳ ಕನ್ನಡಿಗರೂ ಉರ್ದು ಮಾತಿನವರೂ ಸೇರಿದರು. ೧೯೫೬ರಲ್ಲಿ ಗಣಿಗಳು ಮೈಸೂರು ಸರಕಾರದ ವಶವಾದವು. ೧೯೬೨ರಲ್ಲಿ ಕೇಂದ್ರಸರಕಾರಕ್ಕೆ ಸೇರಿದವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯ ಆಡಳಿತಕ್ಕೆ ಬಂದವು. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿ ಮುಚ್ಚಿತು.

ಗಣಿ ಮುಚ್ಚಿದುದರಿಂದ ಕೂಲಿ ಹೋಯಿತೆಂಬುದು ಎಲ್ಲರೂ ಬಲ್ಲ ಸಂಗತಿ. ಕೂಲಿಯೊಡನೆ ಹೋದ ಇನ್ನೊಂದು ವಸ್ತುವನ್ನು ಗಮನಿಸಿದವರು ಕಡಮೆ. ಸಂಬಳದ ದಿನವೆಂಬುದು ಇರುವವರೆಗೆ ಹಬ್ಬಕ್ಕೂ ನಾಟಕಕ್ಕೂ ಭಜನೆಗೂ ವಂತಿಗೆ ಎತ್ತುವುದು ಕಷ್ಟವಲ್ಲ. ಅಯೋತ್ತಿದಾಸ ಪಂಡಿತರ (೧೮೪೫–೧೯೧೪) ತಮಿಳು ಗ್ರಂಥಗಳನ್ನು ಅಚ್ಚುಮಾಡಿಸಿ ಉಳಿಸಿದ ಸಿದ್ಧಾರ್ಥ ಪುಸ್ತಕಶಾಲೆಯು ಇದೇ ಚಿನ್ನದ ಗಣಿಯ ಪ್ರದೇಶದ್ದು. ಯಾವ ಆಸ್ಥಾನವೂ ಅದಕ್ಕೆ ಉಂಬಳಿ ಬಿಟ್ಟಿರಲಿಲ್ಲ. ಗಣಿಯ ಜನರ ನಡುವೆ ಒಂದು ಪ್ರಕಾಶನವು ನಿಂತಿತೆಂಬ ಈ ಸಂಗತಿಯನ್ನು ನಮ್ಮ ಜಿಲ್ಲೆಯ ಸಾಹಿತ್ಯಚರಿತ್ರೆಯಲ್ಲಿ ನಾವು ಲೆಕ್ಕಕ್ಕೆ ಹಿಡಿಯದಿರುವುದು ನಮ್ಮ ದೋಷವೇ ಹೊರತು ಅವರದಲ್ಲ. ಸಂಬಳದ ದಿನ ಇಲ್ಲವಾದಾಗ ವಂತಿಗೆಯು ಬತ್ತುತ್ತದೆ. ಆಗ ತಮಟೆಯವನೂ, ನಾಗಸ್ವರದವನೂ, ಸುತ್ತಣ ಹಳ್ಳಿಗಳಲ್ಲಿ ಕೇಳಿಕೆ ಆಡುವವನೂ ಯಾರ ಮುಖ ನೋಡಬೇಕು? ಊರಿಗೆ ಒಡೆಯನಾಗಿ ಉಳಿದಿರುವುದು ಊರೇ. ಅದರ ಹೆಸರು ಒಂದೆಡೆ ರಾಬರ್ಟ್‌ಸನ್‌ಪೇಟೆಯ ನಗರಸಭೆ, ಇನ್ನೊಂದೆಡೆ ಬಂಗಾರಪೇಟೆಯ ಪುರಸಭೆ.

ಇನ್ನು ಶಾಸನವು ಏನನ್ನುತ್ತದೆಂಬುದನ್ನು ನೋಡತಕ್ಕದ್ದು. ೧೯೯೨ರಲ್ಲಿ ಆದ ಸಂವಿಧಾನದ ಎಪ್ಪತ್ತನಾಲ್ಕನೆಯ ತಿದ್ದುಪಡಿಯಿಂದ ಹನ್ನೆರಡನೆಯ ಅನುಸೂಚಿಯು ಸೇರಿತು. ಪೌರಸಂಸ್ಥೆಗಳಿಗೆ ವಹಿಸಬಹುದಾದ ೧೮ ವಿಷಯಗಳು ಅದರಲ್ಲಿವೆ. ಹದಿಮೂರನೆಯದು ಸಂಸ್ಕೃತಿ, ಶಿಕ್ಷಣ, ಸೌಂದರ್ಯಾಭಿರುಚಿಗಳ ಪೋಷಣೆ. ಅಂದಮೇಲೆ ಕಲಾಪೋಷಣೆಯು ಪುರಸಭೆಯ ಅಧಿಕಾರಕ್ಕೆ ಹೊರಗಾದುದೆಂದು ಹೇಳುವಂತಿಲ್ಲ. ಆದರೆ ಅಧಿಕಾರವಿರುವುದು ಬೇರೆ, ನಿಯತವಾದ ದ್ರವ್ಯವಿರುವುದು ಬೇರೆ. ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಶಾಸನದಂತೆ ಆಸ್ತಿತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆಯ ಗ್ರಂಥಾಲಯಕರವನ್ನು ಪೌರಸಂಸ್ಥೆಗಳು ಎತ್ತುತ್ತವೆ. ಭಿಕ್ಷಾಟನೆಯ ನಿವಾರಣೆಗೂ ಮೂರು ಪೈಸೆಯ ಕರವುಂಟು. ಪುಸ್ತಕಕ್ಕೆ ಆರು, ಭಿಕ್ಷುಕನಿಗೆ ಮೂರು ಎಂದು ಗೊತ್ತುಮಾಡಿದ ಶಾಸನವು ಹಾಡುವವನಿಗೆ, ಬಾರಿಸುವವನಿಗೆ, ಬಣ್ಣ ಹಚ್ಚುವವನಿಗೆ ಇಷ್ಟೆಂದು ಗೊತ್ತುಮಾಡಿಲ್ಲ. ಅವನ ಪಾಲು ವರ್ಷವರ್ಷವೂ ಸದಸ್ಯರ ಮನಸ್ಸಿಗೆ ಬಂದಷ್ಟು. ಸಾಮಾನ್ಯವಾಗಿ ರಾಜ್ಯೋತ್ಸವದ ಒಂದು ಸಂಜೆ, ಒಂದು ಶಾಲು, ಒಂದು ಹಾರ.

೨

ಇಲ್ಲಿ ಪೂರ್ವಪಕ್ಷಿಯು ಏಳುತ್ತಾನೆ. ಚರಂಡಿ ದುರಸ್ತಿಯಿಲ್ಲದ ಊರಿನಲ್ಲಿ, ಕುಡಿಯುವ ನೀರಿಗೆ ಸರದಿ ನಿಲ್ಲುವ ಊರಿನಲ್ಲಿ, ಕುಣಿತಕ್ಕೆ ಹಣವೇತಕ್ಕೆ? ಅವನು ತನ್ನ ಬೆಂಬಲಕ್ಕೆ ಕೌಟಿಲ್ಯನನ್ನೇ ಕರೆಯಬಲ್ಲನು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಕಂಡು ೧೯೦೯ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ಆದಿಯಲ್ಲಿಯೇ, ಹಳ್ಳಿಗಳಲ್ಲಿ ವಿನೋದಶಾಲೆಗಳು ಇರಕೂಡದೆಂದೂ ನಟನರ್ತಕಾದಿಗಳು ಜನರ ಕೆಲಸಕ್ಕೆ ವಿಘ್ನವನ್ನುಂಟುಮಾಡಕೂಡದೆಂದೂ ವಿಧಿಯಿದೆ. ಆದರೆ ಆ ವಿಧಿಯ ಪ್ರಕರಣವಾವುದೆಂಬುದನ್ನು ನೋಡಬೇಕು. ಅದು ಜನಪದನಿವೇಶದ ಪ್ರಕರಣ. ಹೊಸದಾಗಿ ನೆಲವನ್ನು ಒಡೆದು ಊರುಗಳನ್ನು ನಿಲ್ಲಿಸುವಾಗಿನ ಮಾತು. ಪ್ರಕರಣವನ್ನು ಬಿಟ್ಟು ವಾಕ್ಯವನ್ನು ಹಿಡಿಯುವುದು ಮೀಮಾಂಸಕನ ಮಾರ್ಗವಲ್ಲ. ಅದೇ ಗ್ರಂಥದ ಐದನೆಯ ಅಧಿಕರಣದಲ್ಲಿ ಭೃತ್ಯರ ವೇತನವನ್ನು ನಿರ್ಣಯಿಸುವಾಗ ಕುಶೀಲವರಿಗೆ ೨೫೦ ಪಣಗಳೆಂದೂ ತೂರ್ಯವಾದಕರಿಗೆ ಅದರ ಇಮ್ಮಡಿಯೆಂದೂ ಹೇಳಿದೆ. ಗಣಿಕಾಧ್ಯಕ್ಷಪ್ರಕರಣದಲ್ಲಿ ಗೀತ, ವಾದ್ಯ, ನೃತ್ಯ, ನಾಟ್ಯಗಳನ್ನು ಕಲಿಸುವ ಗುರುಗಳಿಗೆ ರಾಜ್ಯದ ಆದಾಯದಿಂದ ಜೀವಿಕೆಯನ್ನು ವಿಧಿಸಿದೆ. ಪರದೇಶದಿಂದ ಬಂದ ಮೇಳವು ಐದು ಪಣಗಳ ಪ್ರೇಕ್ಷಾವೇತನವನ್ನು ತೆರಬೇಕೆಂಬುದೂ ಅಲ್ಲಿಯೇ ಇದೆ. ಕೌಟಿಲ್ಯನು ಕಲೆಯನ್ನು ಮೋಹದಿಂದ ಕಂಡವನಲ್ಲ, ಲೆಕ್ಕದಿಂದ ಕಂಡವನು. ಲೆಕ್ಕದಲ್ಲಿಯೂ ಅದಕ್ಕೊಂದು ಸ್ಥಾನ ಕೊಟ್ಟನೆಂಬುದೇ ನಮಗೆ ಮುಖ್ಯ.

ಇವೆಲ್ಲಕ್ಕಿಂತ ಹೆಚ್ಚು ವಿಚಾರಾರ್ಹವಾದ ಒಂದು ವಿಧಿಯು ಮೂರನೆಯ ಅಧಿಕರಣದ ಹತ್ತನೆಯ ಅಧ್ಯಾಯದಲ್ಲಿದೆ. ಊರವರು ಕೂಡಿ ಮಾಡಿಕೊಂಡ ಒಪ್ಪಂದಗಳನ್ನು ಮೀರಿದವರ ವಿಷಯದಲ್ಲಿ ಹೇಳುತ್ತ, ಊರಿನಲ್ಲಿ ಪ್ರೇಕ್ಷೆ, ಎಂದರೆ ಆಟವು, ನಡೆಯುವಾಗ ತನ್ನ ಅಂಶವನ್ನು ಕೊಡದವನು ತಾನೂ ತನ್ನವರೂ ಅದನ್ನು ನೋಡತಕ್ಕದ್ದಲ್ಲವೆಂದು ಗ್ರಂಥಕಾರನು ವಿಧಿಸುತ್ತಾನೆ. ಮರೆಯಲ್ಲಿ ನಿಂತು ಕೇಳಿದರೆ, ಕದ್ದು ನೋಡಿದರೆ, ಅಂಶದ ಇಮ್ಮಡಿಯನ್ನು ತೆರಬೇಕು. ಸರ್ವಹಿತವಾದ ಕಾರ್ಯಕ್ಕೆ ಪಾಲು ಕೊಡದವನಿಗೂ ಅದೇ ವಾಕ್ಯದಲ್ಲಿ ಅದೇ ದಂಡ. ಈ ಸಹಪಾಠವು ಆಕಸ್ಮಿಕವಲ್ಲವೆಂದು ನನ್ನ ತಿಳಿವಳಿಕೆ. ಎಲ್ಲರ ಹಿತಕ್ಕಾದ ಕೆಲಸವನ್ನೂ ಊರಿನ ಆಟವನ್ನೂ ಒಂದೇ ತಕ್ಕಡಿಯಲ್ಲಿಟ್ಟವನು ರಸಿಕನಾದ ಕವಿಯಲ್ಲ, ಕಠಿನಹೃದಯನಾದ ಅರ್ಥಶಾಸ್ತ್ರಕಾರನು. ಅಂಶ ಕೊಡದವನು ನೋಡಬಾರದೆಂಬ ನಿಷೇಧದಿಂದ, ಕೊಟ್ಟವನಿಗೆ ನೋಡುವ ಹಕ್ಕುಂಟೆಂಬುದು ಅರ್ಥಾಪತ್ತಿಯಿಂದ ಸಿದ್ಧಿಸುತ್ತದೆ. ಮನೆಗಂದಾಯ ಕೊಡುವ ಪ್ರತಿಯೊಬ್ಬನೂ, ಬಾಡಿಗೆಯ ಮೂಲಕ ಅದನ್ನು ಹೊರುವ ಪ್ರತಿಯೊಬ್ಬನೂ ಇಂದು ಅಂಶದಾರನೇ. ಅವನಿಗೆ ಸಲ್ಲಬೇಕಾದ ಪ್ರೇಕ್ಷೆ ಎಲ್ಲಿ?

೩

ಅಂಶವೆಂಬ ಈ ಮಾತನ್ನು ದಾನವೆಂಬ ಮಾತಿನೊಡನೆ ಇಟ್ಟು ನೋಡಿದರೆ ರಾಜಾಶ್ರಯದ ವಿಷಯದಲ್ಲಿ ನಾವು ಮರೆಮಾಚುವ ಒಂದು ಸಂಗತಿ ಹೊರಬೀಳುತ್ತದೆ. ಆದಿಕವಿ ಪಂಪನ ವಿಕ್ರಮಾರ್ಜುನವಿಜಯವನ್ನೇ ತೆಗೆದುಕೊಳ್ಳೋಣ. ೯೪೧ರಲ್ಲಿ ಮುಗಿದ ಆ ಮಹಾಕಾವ್ಯಕ್ಕೆ ಮೆಚ್ಚಿ ಅರಿಕೇಸರಿಯು ಕವಿಗೆ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟನು. ಕವಿಯಾದರೋ ತನ್ನ ಒಡೆಯನನ್ನು ಅರ್ಜುನನಲ್ಲಿ ಆರೋಪಿಸಿದನು. ಆ ಆರೋಪವು ಬಂದೊಡನೆ ಕಥೆಯ ಸಂಧಿಬಂಧಗಳು ಮಿಸುಕಿದವು: ದ್ರೌಪದಿಯು ಐವರ ಪತ್ನಿಯಾಗಿ ಉಳಿಯದೆ ಅರ್ಜುನನೊಬ್ಬನ ಪತ್ನಿಯಾದಳು, ಕಡೆಯಲ್ಲಿ ಪಟ್ಟವು ಸುಭದ್ರೆಗೆ ಸಂದಿತು. ಐವರು ಗಂಡಂದಿರೂ ಸಭೆಯಲ್ಲಿದ್ದು ಕೈಕಟ್ಟಿ ಕುಳಿತರೆಂಬ ವ್ಯಾಸಭಾರತದ ದಾರುಣವಾದ ಧ್ವನಿಯು ಇಲ್ಲಿ ಕುಂದದೆ ಇರುವುದು ಸಾಧ್ಯವೆ? ಪಂಪನ ಪ್ರತಿಭೆಯು ಆ ಕುಂದನ್ನು ನೂರು ಕಡೆಗಳಲ್ಲಿ ತುಂಬಿಕೊಡುತ್ತದೆ. ಕರ್ಣನ ಚಿತ್ರಣದಲ್ಲಿ ಅರಿಕೇಸರಿಯ ನೆರಳನ್ನೂ ದಾಟಿ ನಿಲ್ಲುತ್ತದೆ. ಆದರೂ ಅಗ್ರಹಾರಕ್ಕೆ ಕವಿಯು ತೆತ್ತ ಬೆಲೆಯು ಕಾವ್ಯಶರೀರದಲ್ಲಿಯೇ ಕಾಣುತ್ತದೆಂಬುದನ್ನು ವಿಮರ್ಶಕನು ಮುಚ್ಚಿಡತಕ್ಕದ್ದಲ್ಲ.

ದಾನಕ್ಕೆ ಸ್ತುತಿಯು ಪ್ರತಿಫಲ. ಅಂಶಕ್ಕೆ ಪ್ರೇಕ್ಷೆಯೇ ಪ್ರತಿಫಲ. ಎಲ್ಲರೂ ಕೊಟ್ಟ ಊರಿನಲ್ಲಿ ಕಲಾವಿದನು ಯಾರೊಬ್ಬನನ್ನೂ ಹೊಗಳಬೇಕಾಗಿಲ್ಲ. ಪುರಸಭೆಯ ಹಣವು ಸ್ವರೂಪತಃ ಅಂಶ. ಆದರೆ ನಾವು ಅದನ್ನು ದಾನದ ರೀತಿಯಲ್ಲಿ ಹಂಚುತ್ತಿದ್ದೇವೆ. ಆಹ್ವಾನಪತ್ರಿಕೆಯಲ್ಲಿ ಅಧಿಕಾರಸ್ಥರ ಹೆಸರುಗಳು ದೊಡ್ಡ ಅಕ್ಷರದಲ್ಲಿ ಬಂದು, ಹಾಡುವವನ ಹೆಸರು ಕೆಳಗೆಲ್ಲೋ 'ಮತ್ತು ತಂಡದವರು' ಎಂದು ಮುಗಿಯುತ್ತದೆ. ವೇದಿಕೆಯ ಭಾಷಣಗಳು ಮುಗಿಯುವ ವೇಳೆಗೆ ಮಕ್ಕಳು ನಿದ್ದೆ ಹೋಗಿರುತ್ತಾರೆ. ತಮಟೆಯವನು ಹದಕ್ಕೆ ಕಾಯಿಸಿದ ಚರ್ಮವು ಆರಿ ತಣ್ಣಗಾಗಿರುತ್ತದೆ. ಅರಿಕೇಸರಿಯಾದರೂ ಸ್ವಂತ ಭಂಡಾರದಿಂದ ಕೊಟ್ಟು ಸ್ತುತಿಯನ್ನು ಪಡೆದನು. ಊರವರ ಹಣವನ್ನು ಕೊಟ್ಟು ತಮಗೆ ಸ್ತುತಿಯನ್ನು ಪಡೆಯುವುದಕ್ಕೆ ಯಾವ ಶಾಸ್ತ್ರದ ಆಧಾರವಿದೆ?

ದಾನವೆಲ್ಲವೂ ಇಂಥದೇ ಎಂದು ನಾನು ಹೇಳುತ್ತಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಔದಾರ್ಯವು ಬೇರೊಂದು ಬಗೆಯದು. ಆಗ ಆ ಕಾವ್ಯವು ಹೊಸದಲ್ಲ. ಕವಿಯಿಂದ ಬರತಕ್ಕ ಪ್ರತ್ಯುಪಕಾರವೂ ಅಲ್ಲಿಲ್ಲ. ಕೃತಿಯು ಓದುಗರ ಕೈಗೆ ಸೇರಲಿ ಎಂಬುದೊಂದೇ ಉದ್ದೇಶ. ಪೌರಸಂಸ್ಥೆಗಳು ದಾನದ ಮಾದರಿಯೊಂದನ್ನು ಆರಿಸಿಕೊಳ್ಳಲೇಬೇಕಾದರೆ ಇದನ್ನು ಆರಿಸಿಕೊಳ್ಳಲಿ: ಕಲಾವಿದನಿಗೆ ಶಾಲು ಹೊದಿಸುವುದಕ್ಕಿಂತ ಅವನ ಕಲೆಯನ್ನು ಊರಿನ ಹತ್ತು ಬೀದಿಗಳಿಗೆ ಮುಟ್ಟಿಸಲಿ.

೪

ದ್ರವ್ಯವಿದೆಯೆಂದು ಇಟ್ಟುಕೊಂಡರೂ ಯಾರಿಗೆ ಎಂಬ ಪ್ರಶ್ನೆ ಉಳಿಯುತ್ತದೆ. ನಾಟ್ಯಶಾಸ್ತ್ರದ ಸಿದ್ಧಿಪ್ರಕರಣದಲ್ಲಿ ಭರತನು ಪ್ರಾಶ್ನಿಕರೆಂಬ ಪರೀಕ್ಷಕರನ್ನು ಹೇಳಿದ್ದಾನೆ. ಯಜ್ಞದ ವಿಷಯಕ್ಕೆ ಯಜ್ಞವಿದನು, ಅಭಿನಯಕ್ಕೆ ನರ್ತಕನು, ವೃತ್ತಗಳಿಗೆ ಛಂದೋವಿದನು, ಶಬ್ದಕ್ಕೆ ವೈಯಾಕರಣನು, ಗಾನಕ್ಕೆ ಗಾಂಧರ್ವನು. ಹೀಗೆ ಆಯಾ ವಿಷಯವನ್ನು ಬಲ್ಲವನೇ ಆಯಾ ವಿಷಯಕ್ಕೆ ಪ್ರಮಾಣ. ರಾಜಸೇವಕನಿಗೂ ಅಲ್ಲಿ ಸ್ಥಾನವುಂಟು. ಆದರೆ ಅದು ಉಪಚಾರದ ವಿಷಯಕ್ಕೆ ಮಾತ್ರ. ಸರ್ವಜ್ಞನಾದ ಒಬ್ಬ ಅಧಿಕಾರಿಯು ಸರ್ವವನ್ನೂ ತೂಗುವ ಪದ್ಧತಿಯು ಭರತನಿಗೆ ತಿಳಿಯದು.

ಈ ಪರೀಕ್ಷೆಯು ಹೇಗೆ ಕೆಡುತ್ತದೆಂಬುದನ್ನು ಕಾಳಿದಾಸನು ಮಾಳವಿಕಾಗ್ನಿಮಿತ್ರದಲ್ಲಿ ತೋರಿಸಿದ್ದಾನೆ. ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ಕಲಹ. ಮೇಲು ಯಾರೆಂದು ನಿರ್ಣಯಿಸಲು ಪಂಡಿತ ಕೌಶಿಕಿಯು ಪ್ರಾಶ್ನಿಕಳು. ಅವಳ ನಿಯಮಗಳು ನಿರ್ದುಷ್ಟವಾದುವು: ತಾನು ಬಲ್ಲವನಾಗಿಯೂ ಇರಬೇಕು, ಕಲಿಸಬಲ್ಲವನಾಗಿಯೂ ಇರಬೇಕು, ಅಂಗಸೌಷ್ಠವವು ಕಾಣುವಂತೆ ಪಾತ್ರಗಳು ಹೆಚ್ಚು ವೇಷಭೂಷಣಗಳಿಲ್ಲದೆ ಬರಬೇಕು. ಇಷ್ಟು ಒಳ್ಳೆಯ ನಿಯಮಗಳಿದ್ದೂ ಪರೀಕ್ಷೆಯು ಸುಳ್ಳು. ಏಕೆಂದರೆ ಕಲಹವೇ ವಿದೂಷಕನ ತಂತ್ರ. ಉದ್ದೇಶವು ಅರಸನಿಗೆ ಮಾಳವಿಕೆಯನ್ನು ತೋರಿಸುವುದು. ಅವಳ ನೃತ್ಯ ಮುಗಿದೊಡನೆ ಮಧ್ಯಾಹ್ನದ ವೇಳೆಯನ್ನು ಸಾರಲಾಗುತ್ತದೆ. ಹರದತ್ತನಿಗೆ 'ನಾಳೆ ನೋಡೋಣ' ಎಂಬ ಉತ್ತರ ಸಿಗುತ್ತದೆ. ಆ ನಾಳೆಯು ರಂಗಕ್ಕೆ ಬರುವುದೇ ಇಲ್ಲ. ಗಣದಾಸನಿಗೆ ಗೆಲವಾಯಿತೆಂಬ ಸುದ್ದಿಯು ಮುಂದಿನ ಅಂಕದ ಆರಂಭದಲ್ಲಿ ಪರಿಚಾರಿಕೆಯರ ಮಾತಿನಲ್ಲಿ ಕೇಳಿಸುತ್ತದೆ, ಅಷ್ಟೆ. ಈ ನಾಟಕವನ್ನು ಶೃಂಗಾರಪ್ರಧಾನವೆಂದು ಪಾಠ ಹೇಳುವ ನಾವು ಹರದತ್ತನನ್ನು ಮರೆಯುತ್ತೇವೆ. ಅವನ ಶಿಷ್ಯೆ ಯಾರು? ಅವಳು ಏನನ್ನು ಅಭ್ಯಾಸ ಮಾಡಿದ್ದಳು? ಕವಿಯು ಹೇಳಲಿಲ್ಲ. ಹೇಳದಿರುವುದರಲ್ಲಿಯೇ ಒಂದು ವ್ಯಂಗ್ಯವಿದೆಯೆಂದು ನನಗೆ ತೋರುತ್ತದೆ.

ಇದನ್ನು ಬರೆಯುವಾಗ ನನ್ನ ಮನಸ್ಸು ನನ್ನನ್ನೇ ಚುಚ್ಚುತ್ತದೆ. ಕೆಲವು ವರ್ಷಗಳ ಹಿಂದೆ, ಹೆಸರು ಹೇಳಬೇಕಾಗಿಲ್ಲದ ಒಂದು ಊರಿನವರು, ಸಹಾಯಕ್ಕೆ ಅರ್ಹರಾದ ಕಲಾವಿದರನ್ನು ಆರಿಸಲು ನನ್ನನ್ನೂ ಇನ್ನಿಬ್ಬರನ್ನೂ ಕರೆಯಿಸಿದ್ದರು. ಕಾಫಿ ಬಂದಿತು, ಬೆನ್ನಹಿಂದೆಯೇ ಪಟ್ಟಿಯೂ ಬಂದಿತು. ಹೆಸರುಗಳು ಮೊದಲೇ ಬರೆದಿದ್ದವು. ಕೆಳಗೆ ರುಜುವಿಗೆ ಮಾತ್ರ ಸ್ಥಳ ಬಿಟ್ಟಿತ್ತು. ಹೊರಗೆ ಜಗಲಿಯ ಮೇಲೆ ಒಬ್ಬ ಮುದುಕನು ಬಟ್ಟೆ ಸುತ್ತಿದ ನಾಗಸ್ವರವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದನು. ತನ್ನನ್ನು ಕರೆದು ಕೇಳುವರೆಂದು ಅವನ ಎಣಿಕೆ. ಅವನ ಅರ್ಜಿಯೊಡನೆ ಸಂಘದ ನೋಂದಣಿಯ ಕಾಗದವಿಲ್ಲವೆಂದು ಗುಮಾಸ್ತೆಯು ಹೇಳಿದನು. ನಾಟ್ಯಶಾಸ್ತ್ರವನ್ನು ಮೂವತ್ತು ವರ್ಷ ಪಾಠ ಹೇಳಿದ ನಾನು ರುಜು ಹಾಕಿ ಎದ್ದು ಬಂದೆನು. ಬಾಗಿಲಲ್ಲಿ ಆ ಮುದುಕನು ಎದ್ದು ನಿಂತು ಕೈಮುಗಿದನು. ಆ ದಿನ ನಾನು ಕೌಶಿಕಿಗಿಂತ ಕಡೆ. ಅವಳಿಗೆ ತಾನು ಯಾರ ಪರವಾಗಿ ಕುಳಿತಿದ್ದೇನೆಂಬುದಾದರೂ ಗೊತ್ತಿತ್ತು.

೫

ಉಳಿದುದು ಭಾಷೆಯ ಪ್ರಶ್ನೆ. ಚಿನ್ನದ ಗಣಿಯ ಪಟ್ಟಣದಲ್ಲಿ ತಮಿಳಿನ ಕೂತ್ತಿಗೆ, ತೆಲುಗಿನ ಬುರ್ರಕಥೆಗೆ, ಉರ್ದು ಕವಿಗೋಷ್ಠಿಗೆ ಕನ್ನಡನಾಡಿನ ಪೌರಸಂಸ್ಥೆಯು ಹಣ ಕೊಡಬಹುದೆ? ಕೊಡಕೂಡದೆಂಬ ಪಕ್ಷದಲ್ಲಿ ನಾನೂ ಬಹುಕಾಲ ಇದ್ದವನು. ಗಡಿನಾಡಿನಲ್ಲಿ ಕನ್ನಡವು ಸೊರಗಬಾರದೆಂಬ ಕಳವಳವು ಸುಳ್ಳಲ್ಲ. ೧೯೨೪ರಲ್ಲಿ ಹೊಸಕೋಟೆ ಕೃಷ್ಣಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ ಕೋಲಾರದಲ್ಲಿ ಸಾಹಿತ್ಯಸಮ್ಮೇಳನ ನಡೆದ ಕಾಲದಿಂದಲೂ ಆ ಕಳವಳಕ್ಕೆ ಕಾರಣಗಳಿವೆ.

ನನ್ನ ಅಭಿಪ್ರಾಯವನ್ನು ತಿದ್ದಿದುದು ರಾಜಶೇಖರನ ಕಾವ್ಯಮೀಮಾಂಸೆ. ಅದರ ಹತ್ತನೆಯ ಅಧ್ಯಾಯದಲ್ಲಿ ಅರಸನು ಕಟ್ಟಿಸಬೇಕಾದ ಕವಿಸಭೆಯ ವರ್ಣನೆಯಿದೆ: ಹದಿನಾರು ಕಂಬಗಳು, ನಾಲ್ಕು ಬಾಗಿಲುಗಳು. ಉತ್ತರದಲ್ಲಿ ಸಂಸ್ಕೃತಕವಿಗಳು, ಪೂರ್ವದಲ್ಲಿ ಪ್ರಾಕೃತಕವಿಗಳು, ಪಶ್ಚಿಮದಲ್ಲಿ ಅಪಭ್ರಂಶಕವಿಗಳು, ದಕ್ಷಿಣದಲ್ಲಿ ಭೂತಭಾಷೆಯ ಕವಿಗಳು. ಕವಿಗಳಿಂದ ಆಚೆಗೆ ಕಲಾವಿದರೂ ಕುಶಲಕರ್ಮಿಗಳೂ ಕೂಡುತ್ತಾರೆ: ಪ್ರಾಕೃತಕವಿಗಳ ಕಡೆ ನಟ, ನರ್ತಕ, ಗಾಯಕ, ವಾದಕರು, ಅಪಭ್ರಂಶಕವಿಗಳ ಕಡೆ ಚಿತ್ರಕಾರ, ಅಕ್ಕಸಾಲೆ, ಬಡಗಿ, ಕಮ್ಮಾರರು. ಒಂದು ಸಾವಿರ ವರ್ಷಗಳಿಗೂ ಹಿಂದೆ, ಸಂಸ್ಕೃತಾಭಿಮಾನಿಯಾದ ಆಲಂಕಾರಿಕನೊಬ್ಬನು, ಜನರ ನುಡಿಯ ಕವಿಗೂ ಲೋಹ ಬಡಿಯುವವನಿಗೂ ಸಭೆಯೊಳಗೆ ಗೊತ್ತಾದ ಸ್ಥಾನವನ್ನು ಬರೆದಿಟ್ಟನು. ಚಿನ್ನದ ಗಣಿಯಲ್ಲಿ ನಾಲ್ಕು ನುಡಿಗಳೂ ಇವೆ, ಲೋಹದ ಕೆಲಸದ ಪರಂಪರೆಯೂ ಇದೆ. ನಾಲ್ಕು ಬಾಗಿಲುಗಳ ಸಭೆಯೊಂದೇ ಇಲ್ಲ.

ಇದು ಕೇವಲ ಪುಸ್ತಕದ ಮಾತೆಂದು ತಳ್ಳುವಂತಿಲ್ಲ. ರೈಸ್ ಸಾಹೇಬರು ೧೯೦೫ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಸಂಪುಟವನ್ನು ತೆರೆದು ನೋಡಬಹುದು. ಕನ್ನಡದ ಶಾಸನಗಳ ಪಕ್ಕದಲ್ಲಿಯೇ ತಮಿಳಿನವು, ತೆಲುಗಿನವು; ಕೋಲಾರಮ್ಮನ ಗುಡಿಯ ಚೋಳಶಾಸನಗಳು ತಮಿಳಿನಲ್ಲಿವೆ. ಈ ನೆಲದಲ್ಲಿ ದತ್ತಿಯನ್ನು ಕೊಟ್ಟವರು ಒಂದೇ ನುಡಿಯಲ್ಲಿ ಕೊಟ್ಟವರಲ್ಲ. ಕನ್ನಡದ ಏಳಿಗೆಗೆಂದೇ ಸರಕಾರವು ನಡಸುವ ಇಲಾಖೆ, ಅಕಾಡೆಮಿಗಳು ಕನ್ನಡಕ್ಕೆ ಕೊಡಲಿ. ಅದು ಅವುಗಳ ಧರ್ಮ. ಪುರಸಭೆಯ ಧರ್ಮವು ಬೇರೆ. ಅದು ಅಂಶವನ್ನು ಎಲ್ಲ ನುಡಿಯವರಿಂದಲೂ ಎತ್ತಿದೆ. ಅಂಶ ಕೊಟ್ಟವನ ಆಟವನ್ನು ಅನ್ಯಭಾಷೆಯದೆಂದು ಹೊರಗಿಡುವುದು, ಕೌಟಿಲ್ಯನ ಲೆಕ್ಕದಲ್ಲಿಯೂ ನ್ಯಾಯವಲ್ಲ. ರಾಜಶೇಖರನು ಉತ್ತರದ ಸ್ಥಾನವನ್ನು ಸಂಸ್ಕೃತಕ್ಕೆ ಕೊಟ್ಟಂತೆ ಇಲ್ಲಿ ಅದನ್ನು ಕನ್ನಡಕ್ಕೆ ಕೊಡೋಣ. ಸಭೆಯ ನಡವಳಿಯೂ ಲೆಕ್ಕಪತ್ರವೂ ಪ್ರೇಕ್ಷಕರಿಗೆ ಹೇಳುವ ಪರಿಚಯವೂ ಕನ್ನಡದಲ್ಲಿರಲಿ. ಉಳಿದ ಮೂರು ಬಾಗಿಲುಗಳನ್ನು ಮುಚ್ಚುವುದರಿಂದ ಉತ್ತರದ ಪೀಠವು ಎತ್ತರವಾಗುವುದಿಲ್ಲ.

೬

ಮೇಲಣ ವಿಚಾರದಿಂದ ಬರುವ ನಿರ್ಣಯಗಳನ್ನು ಸಂಗ್ರಹಿಸುತ್ತೇನೆ. ಮೊದಲನೆಯದು, ಗ್ರಂಥಾಲಯಕ್ಕೆ ಇರುವಂತೆ ಕಲೆಗೂ ನಿಯತವಾದ ಒಂದು ಪ್ರೇಕ್ಷಾಂಶವಿರಬೇಕು. ರೂಪಾಯಿಗೆ ಒಂದು ಪೈಸೆಯಾದರೂ ಆಗಲಿ, ವರ್ಷವರ್ಷವ ಬೇಡಿಕೆಯ ಮೇಲೆ ನಿಲ್ಲಕೂಡದು. ಎರಡನೆಯದು, ಕೊಡುವವನು ಬೇರೆ, ತೂಗುವವನು ಬೇರೆಯಾಗಿರಬೇಕು. ತಮಟೆಯನ್ನು ತಮಟೆ ಬಲ್ಲವನೇ ಕೇಳಬೇಕು. ಕೇಳದೆ ಯಾರೂ ರುಜು ಹಾಕಕೂಡದು. ಹರದತ್ತನ ಸರದಿಯನ್ನು ನಾಳೆಗೆ ತಳ್ಳಕೂಡದು. ಮೂರನೆಯದು, ಸಂಭಾವನೆಯು ಹೊತ್ತಿಗೆ ಸಲ್ಲಬೇಕು. ವಾತ್ಸ್ಯಾಯನನು ನಾಗರಕವೃತ್ತವನ್ನು ಹೇಳುವಾಗ, ಸರಸ್ವತಿಯ ಗುಡಿಯ ಸಮಾಜದಲ್ಲಿ ಆಟ ತೋರಿಸಿದ ಪರಸ್ಥಳದ ಕುಶೀಲವರಿಗೆ ಮಾರನೆಯ ದಿನವೇ ಗೊತ್ತಾದ ಸಂಭಾವನೆ ಸಲ್ಲಬೇಕೆಂದಿದ್ದಾನೆ. ಇಂದು ರಸೀತಿ, ಮಂಜೂರಾತಿಗಳನ್ನು ದಾಟಿ ಹಣವು ಬರುವ ವೇಳೆಗೆ ಮುಂದಿನ ವರ್ಷದ ಹಬ್ಬವೇ ಬಂದಿರುತ್ತದೆ. ನೋಂದಣಿಯ ಕಾಗದವಿಲ್ಲದ ಕಲಾವಿದನಿಗೆ ಊರಿನ ಹತ್ತು ಮಂದಿಯ ಸಾಕ್ಷ್ಯವೇ ಸಾಕೆಂಬ ನಿಯಮವೂ ಬೇಕು. ನಾಲ್ಕನೆಯದು, ನಾಲ್ಕು ಬಾಗಿಲುಗಳು.

ಇದಕ್ಕೆ ಬೇಕಾಗುವ ಹಣವು ಅಪಾರವೆಂದು ಯಾರೂ ಅಂಜಬೇಕಾಗಿಲ್ಲ. ಚಿನ್ನವು ನೆಲದಡಿ ಮೂರು ಸಾವಿರ ಮೀಟರಿಗೂ ಮೀರಿದ ಆಳದಲ್ಲಿತ್ತು; ಅದನ್ನು ತೆಗೆಯುವುದಕ್ಕೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಣವನ್ನು ಸುರಿದರು. ಮಾರಿಕುಪ್ಪದ ಓಣಿಯಲ್ಲಿ, ಬಂಗಾರಪೇಟೆಯ ಸಂತೆಯ ಬೀದಿಯಲ್ಲಿ ನೆಲದ ಮೇಲೆಯೇ ಇರುವ ಕಲೆಯನ್ನು ಎತ್ತಿಕೊಳ್ಳಲು ಅಷ್ಟು ಆಳಕ್ಕೆ ಇಳಿಯಬೇಕಾಗಿಲ್ಲ. ನಾಗಸ್ವರದ ಬಟ್ಟೆಯನ್ನು ಬಿಚ್ಚಲು ಹೇಳಿ, ಒಂದು ಗಳಿಗೆ ಕುಳಿತು ಕೇಳಿದರೆ ಆರಂಭವಾದಂತೆ.